ಫೆಲೋಶಿಪ್‌ಗೆ ಸೇರಲೇ? ಸೇರಿದರೆ ಯಾವ ಸಂಸ್ಥೆಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿರುವ ವಿದ್ಯಾರ್ಥಿನಿ. ನಮ್ಮ ಕಾಲೇಜಿಗೆ ಒಂದು ಫೆಲೋಶಿಪ್‌ನ ಸುತ್ತೋಲೆ ಬಂದಿದೆ. ಒಂದು ವರ್ಷ, ವಾರಕ್ಕೆ 10 ಗಂಟೆ, ಸ್ಥಳೀಯ ಸಂಸ್ಥೆಯೊಂದರ ಜೊತೆ ಕೆಲಸ ಮಾಡಬೇಕು. ತಿಂಗಳಿಗೆ ಸ್ವಲ್ಪ ಗೌರವಧನ ಕೊಡುತ್ತಾರೆ. ಮೂರು ಸಂಸ್ಥೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದು ಸಂಸ್ಥೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳ ಜೊತೆ ಕೆಲಸ ಮಾಡುತ್ತದೆ. ಇನ್ನೊಂದು ಮಹಿಳಾ ಸಂಘಗಳ ಜೊತೆ. ಮೂರನೆಯದು ಕಸ ವಿಲೇವಾರಿ ಬಗ್ಗೆ ಜಾಗೃತಿ ಮೂಡಿಸುತ್ತದಂತೆ. ನನಗೇನೋ ಆಸೆ ಇದೆ. ಆದರೆ ಅಪ್ಪ, "ಊರ ಉಸಾಬರಿ ನಿನಗ್ಯಾಕೆ, ಸುಮ್ನೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದಿಕೋ" ಅನ್ನುತ್ತಾರೆ. ಎನ್‌ಎಸ್‌ಎಸ್‌ನಲ್ಲಿ ಈಗಾಗಲೇ ಇದ್ದೇನೆ, ಅದು ಸಾಲದಾ ಅಂತಲೂ ಕೇಳುತ್ತಾರೆ. ಸೇರಲೇ? ಸೇರುವುದಾದರೆ ಯಾವ ಸಂಸ್ಥೆ? ಅರ್ಜಿಯಲ್ಲಿ ಏನು ಬರೆಯಲಿ?

ಉತ್ತರ: ಸೇರಿ. ಆದರೆ ಅರ್ಜಿ ಹಾಕುವ ಮುಂಚೆ ಆ ಮೂರೂ ಸಂಸ್ಥೆಗಳ ಕಚೇರಿಗೆ ಒಂದೊಂದು ಸಲ ಹೋಗಿ ಬನ್ನಿ. ಫೋನ್ ಮಾಡಿದರೆ ಸಾಲದು. ಇಂಥ ಫೆಲೋಶಿಪ್‌ಗಳ ಆಯ್ಕೆಯಲ್ಲಿ ಕೂತಿದ್ದೇನೆ, ಆಯ್ಕೆಯಾದವರು ವರ್ಷ ಹೇಗೆ ಕಳೆದರು ಅಂತಲೂ ಹತ್ತಿರದಿಂದ ನೋಡಿದ್ದೇನೆ. ಫೆಲೋಶಿಪ್‌ಗೆ ದೊಡ್ಡ ಹೆಸರಿದ್ದ ಮಾತ್ರಕ್ಕೆ ವರ್ಷ ಚೆನ್ನಾಗಿ ಹೋಗುವುದಿಲ್ಲ. ನಿಮಗೆ ವಾರವಾರ ಕೆಲಸ ಹೇಳುವವರು ಯಾರು, ಅವರಿಗೆ ನಿಮ್ಮಿಂದ ನಿಜಕ್ಕೂ ಆಗಬೇಕಾದ ಕೆಲಸ ಇದೆಯೇ, ನೋಡಬೇಕಾದ್ದು ಇದನ್ನೇ. ಸಂಸ್ಥೆ ಗ್ರಂಥಾಲಯದ್ದೋ ಕಸದ್ದೋ ಅನ್ನುವುದು ಆಮೇಲಿನ ಮಾತು.

ಮೊದಲು ಎನ್‌ಎಸ್‌ಎಸ್ ವಿಷಯ ಮುಗಿಸಿಬಿಡೋಣ. ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಅದು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ನಾಲ್ಕು ಜನರ ಜೊತೆ ಬೆರೆಯುವುದು, ಹಳ್ಳಿಯಲ್ಲಿ ಉಳಿಯುವುದು, ಇದೆಲ್ಲ ಅಲ್ಲಿ ಚೆನ್ನಾಗಿ ಅಭ್ಯಾಸವಾಗುತ್ತದೆ. ಆದರೆ ಶಿಬಿರದಲ್ಲಿ ನೆಟ್ಟ ಸಸಿಗೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರು ಅನ್ನುವ ಪ್ರಶ್ನೆಗೆ ನೀವು ಉತ್ತರ ಕೊಡಬೇಕಾಗಿಲ್ಲ. ಅಷ್ಟು ಹೊತ್ತಿಗೆ ನೀವು ಊರಿಗೆ ವಾಪಸ್ ಬಂದಿರುತ್ತೀರಿ. ಈ ಫೆಲೋಶಿಪ್ ಲೆಕ್ಕ ಬೇರೆ. ವಾರಕ್ಕೆ 10 ಗಂಟೆ ಅಂದರೆ, ಪರೀಕ್ಷೆ, ರಜೆ ಎಲ್ಲ ಕಳೆದು 40 ವಾರ ಹಿಡಿದರೂ 400 ಗಂಟೆ. ಅಷ್ಟೂ ಹೊತ್ತು ಅದೇ ಜನರ ಮುಂದೆ. ಹೋದ ವಾರ "ಕೇಳಿಕೊಂಡು ಬರ್ತೀನಿ" ಅಂದಿದ್ದರೆ ಈ ವಾರ ಅವರು ನೆನಪಿಟ್ಟು ಕೇಳುತ್ತಾರೆ. ಸಾಲದಾ ಅಂತ ಅಪ್ಪ ಕೇಳಿದರೆ ಈ ವ್ಯತ್ಯಾಸ ಹೇಳಿ.

ಫೆಲೋಶಿಪ್ ಅನ್ನುವ ಹೆಸರಲ್ಲಿ ಬೇರೆ ಬೇರೆ ಥರದವು ಇವೆ, ಗೊಂದಲ ಬೇಡ. ಎಸ್‌ಬಿಐ ಯೂತ್ ಫಾರ್ ಇಂಡಿಯಾ 13 ತಿಂಗಳದ್ದು, ಗಾಂಧಿ ಫೆಲೋಶಿಪ್ ಎರಡು ವರ್ಷದ್ದು. ಎರಡಕ್ಕೂ ಪದವಿ ಮುಗಿದಿರಬೇಕು, ಪೂರ್ತಿ ಸಮಯ ಕೊಡಬೇಕು. ಅವನ್ನು ಇನ್ನೆರಡು ವರ್ಷ ಬಿಟ್ಟು ಯೋಚಿಸಿ. ನಿಮ್ಮ ಪಕ್ಕದ ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ನಡೆಸುವ ಲೀಡ್ ಕಾರ್ಯಕ್ರಮ ಕಾಲೇಜಿನಲ್ಲಿ ಓದುತ್ತಿರುವವರಿಗೇ ಇರುವಂಥದ್ದು. ಆದರೆ ಅಲ್ಲಿ ಐಡಿಯಾ ನಿಮ್ಮದು, ಮಾಡಿ ತೋರಿಸುವವರೂ ನೀವೇ. ನಿಮಗೆ ಬಂದಿರುವ ಸುತ್ತೋಲೆಯ ಪ್ರಕಾರ ನೀವು ಬೇರೆಯವರು ಈಗಾಗಲೇ ಮಾಡುತ್ತಿರುವ ಕೆಲಸದೊಳಗೆ ಹೋಗಬೇಕು. ತುಂಬಾ ಜನ ಇಲ್ಲೇ ಎಡವುತ್ತಾರೆ. ಬಂದ ಮೊದಲ ವಾರವೇ "ನನ್ನ ಪ್ರಾಜೆಕ್ಟ್ ಯಾವುದು" ಅಂತ ಕೇಳುತ್ತಾರೆ. ಹತ್ತು ಹದಿನೈದು ವರ್ಷದಿಂದ ನಡೆದಿರುವ ಸಂಸ್ಥೆಗೆ ನಿಮ್ಮ ಪ್ರಾಜೆಕ್ಟ್ ಬೇಕಾಗಿರುವುದಿಲ್ಲ. ಹಾಜರಿ ಪುಸ್ತಕ ಸರಿಯಾಗಿ ಬರೆಯುವವರು, ಸಭೆಯ ನಡಾವಳಿಯನ್ನು ಅದೇ ದಿನ ಮುಗಿಸುವವರು ಬೇಕಾಗಿರುತ್ತಾರೆ. ಮೊದಲ ಎರಡು ತಿಂಗಳು ಬೇಸರ ಬರುವಂಥ ಈ ಕೆಲಸವನ್ನೇ ಮಾಡಿ. ಯಾರು ಯಾರ ಮಾತು ಕೇಳುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ, ಯಾವ ಕೆಲಸ ಎಲ್ಲಿ ನಿಂತಿದೆ, ಎಲ್ಲವೂ ಆ ಪುಸ್ತಕಗಳಲ್ಲೇ ಸಿಗುತ್ತದೆ.

ಕೆಲಸ ಸ್ಪಷ್ಟವಾಗಿದ್ದರೆ ಕಾಲೇಜು ಹುಡುಗರಿಂದ ಎಷ್ಟು ದೊಡ್ಡದು ಆಗುತ್ತದೆ ಅನ್ನುವುದಕ್ಕೆ 'ಅಸರ್' ಸಮೀಕ್ಷೆ ನೋಡಿ. ಪ್ರಥಮ್ ಸಂಸ್ಥೆಯವರು 2005ರಲ್ಲಿ ಶುರು ಮಾಡಿದ್ದು. ಒಂದು ಜಿಲ್ಲೆಯಲ್ಲಿ 30 ಹಳ್ಳಿ, ಒಂದು ಹಳ್ಳಿಯಲ್ಲಿ 20 ಮನೆ. ಮನೆಗೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅಕ್ಷರ ಗುರುತಿಸುತ್ತದಾ, ಪದ ಓದುತ್ತದಾ, ಒಂದನೇ ತರಗತಿಯ ಸಾಲುಗಳು, ಎರಡನೇ ತರಗತಿಯ ಕತೆ ಬರುತ್ತದಾ, ಇಷ್ಟನ್ನೇ ನೋಡುವುದು. ಜೊತೆಗೆ ಸ್ವಲ್ಪ ಲೆಕ್ಕ. ಮನೆಮನೆಗೆ ಹೋಗುವವರಲ್ಲಿ ಎಷ್ಟೋ ಜನ ನಿಮ್ಮಂಥ ವಿದ್ಯಾರ್ಥಿಗಳೇ. ಆ ಅಂಕಿ ಅಂಶ ದೆಹಲಿಯ ನೀತಿ ಚರ್ಚೆವರೆಗೆ ಹೋಗುತ್ತದೆ. ಯಾಕೆ ಅಂದರೆ, ಹೋಗುವ ಮುಂಚೆ ತರಬೇತಿ ಇದೆ, ಎಲ್ಲರೂ ಒಂದೇ ರೀತಿ ಕೇಳುತ್ತಾರೆ, ಮಾಡಿದ್ದನ್ನು ಇನ್ನೊಬ್ಬರು ಹೋಗಿ ಪರಿಶೀಲಿಸುತ್ತಾರೆ. ನೀವು ಹೋಗುವ ಸಂಸ್ಥೆಯನ್ನೂ ಇದೇ ಅಳತೆಯಲ್ಲಿ ಅಳೆಯಿರಿ. ನನಗೆ ಯಾರು ಕಲಿಸುತ್ತಾರೆ? ನಾನು ಬರೆದದ್ದನ್ನು ಯಾರು ನೋಡುತ್ತಾರೆ? ನೋಡಿ ಏನು ಮಾಡುತ್ತಾರೆ? ಕಚೇರಿಗೆ ಹೋದಾಗ ಈ ಮೂರನ್ನು ಕೇಳಿ. "ನೀವು ಬನ್ನಿ, ಎಲ್ಲ ನಿಧಾನಕ್ಕೆ ಗೊತ್ತಾಗುತ್ತದೆ" ಅಂತ ಉತ್ತರ ಬಂದರೆ ಜಾಗ್ರತೆ. ಹೋದ ವರ್ಷ ಫೆಲೋ ಇದ್ದರಾ, ಅವರು ಈಗ ಎಲ್ಲಿದ್ದಾರೆ ಅಂತಲೂ ಕೇಳಿ. ಸಿಕ್ಕಿದರೆ ಅವರ ಜೊತೆ ಒಂದು ಚಹಾ ಕುಡಿದು ಬನ್ನಿ. ಸಂಸ್ಥೆಯ ಬ್ರೋಷರ್‌ಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಸಂಸ್ಥೆ ನೋಂದಣಿ ಆಗಿದೆಯೇ ಅಂತ ನೋಡುವುದು ಕಷ್ಟವಲ್ಲ. ಸೊಸೈಟಿ ಆಗಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಣಿ ಇರುತ್ತದೆ, ಟ್ರಸ್ಟ್ ಆಗಿದ್ದರೆ ಟ್ರಸ್ಟ್ ಡೀಡ್ ಇರುತ್ತದೆ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಬಹುದು. ಹೋದ ವರ್ಷದ ವಾರ್ಷಿಕ ವರದಿ, ಆಡಿಟ್ ಆದ ಲೆಕ್ಕ ಕೇಳಿದರೆ ಒಳ್ಳೆಯ ಸಂಸ್ಥೆಯವರು ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ಆ ಮೂರು ಸಂಸ್ಥೆಗಳು. ಕಸದ ಬಗ್ಗೆ "ಜಾಗೃತಿ" ಅನ್ನುವವರ ಮೇಲೆ ನನಗೆ ಸ್ವಲ್ಪ ಅನುಮಾನ, ಮುಚ್ಚಿಡುವುದಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಬೇಕು ಅಂತ ಜನರಿಗೆ ಗೊತ್ತಿಲ್ಲದೆ ಇಲ್ಲ. ಬೇರೆ ಮಾಡಿಟ್ಟರೂ ಗಾಡಿ ಬರುವುದಿಲ್ಲ, ಬಂದರೂ ಎರಡನ್ನೂ ಒಂದೇ ಕಡೆ ಸುರಿದುಕೊಂಡು ಹೋಗುತ್ತದೆ ಅನ್ನುವುದು ಅವರ ದೂರು. ಅಂಥ ಕಡೆ ಹೋಗಿ ಜಾಥಾ ಮಾಡಿದರೆ ಬ್ಯಾನರ್ ಹಿಡಿದ ಫೋಟೋ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಹಾಗಂತ ಆ ಸಂಸ್ಥೆಯನ್ನು ಪೂರ್ತಿ ತಳ್ಳಿಹಾಕಬೇಡಿ. ನಮ್ಮಲ್ಲಿ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿ ಗಾಡಿ ಓಡಿಸುವವರು, ಕಸ ವಿಂಗಡಿಸುವವರು ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳೇ. ಆ ಸಂಸ್ಥೆ ಅವರ ಜೊತೆ ಕೂತು ಕೆಲಸ ಮಾಡುತ್ತಿದ್ದರೆ ಕತೆಯೇ ಬೇರೆ. ಗಾಡಿ ಯಾವ ಓಣಿಗೆ ಎಷ್ಟು ಗಂಟೆಗೆ ಹೋಗುತ್ತದೆ, ಯಾವ ಮನೆಯವರು ಕೊಡುತ್ತಿಲ್ಲ, ಡೀಸೆಲ್ ದುಡ್ಡು ಯಾರು ಕೊಡುತ್ತಾರೆ, ಅವರ ಸಂಬಳ ಎಷ್ಟು ತಿಂಗಳಿಂದ ಬಾಕಿ, ಇದನ್ನೆಲ್ಲ ಬರೆದಿಡುವುದೇ ನಿಮ್ಮ ವರ್ಷದ ಕೆಲಸ ಆಗಬಹುದು.

ಮಹಿಳಾ ಸಂಘಗಳು ಅದ್ಭುತವಾದ ಜಾಗ, ಆದರೆ ನಿಧಾನದ ಜಾಗ. ಸಾಲದ ವ್ಯವಹಾರ ಇರುವ ಕಡೆ ಹೊಸಬರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ, ಬಿಡಬಾರದು ಕೂಡ. ಸಭೆ ನಡೆಯುವುದು ಹೊಲದ ಕೆಲಸ ಮುಗಿಸಿ ಬಂದ ಮೇಲೆ, ರಾತ್ರಿ ಏಳೂವರೆ ಎಂಟಕ್ಕೆ. ಅಲ್ಲಿಂದ ನಿಮ್ಮೂರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಮೊದಲು ನೋಡಿಕೊಳ್ಳಿ. ಬಸ್ಸಿಲ್ಲದಿದ್ದರೆ ಅದು ನಿಮಗೆ ಆಗುವ ಕೆಲಸವಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ, ಮೇಲಿನ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕಿದರೆ, ಗ್ರಂಥಾಲಯದ ಸಂಸ್ಥೆಗೆ ಹೋಗುತ್ತಿದ್ದೆ. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ 'ಓದುವ ಬೆಳಕು' ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಶುರು ಮಾಡಿದರು. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಇರುತ್ತದೆ. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಜಾಸ್ತಿ. ಕೆಲವು ಕಡೆ ಬಣ್ಣ ಬಳಿದು, ಕಂಪ್ಯೂಟರ್ ಇಟ್ಟು, ಮಕ್ಕಳಿಂದ ತುಂಬಿವೆ. ಕೆಲವು ಕಡೆ ಬೀಗ. ಒಂದೇ ಕಟ್ಟಡ, ಸಂಜೆ ಹೊತ್ತು, ಬರುವ ಮಕ್ಕಳೂ ಅವರೇ. ಕಾಲೇಜು ಮುಗಿಸಿ ಹೋಗುವವರಿಗೆ ಇದು ಹೊಂದುತ್ತದೆ. ಇನ್ನೊಂದು ಕಾರಣವೂ ಇದೆ. ಗ್ರಂಥಾಲಯ ಪಂಚಾಯಿತಿಯದ್ದೇ ಆದ್ದರಿಂದ, ಅಲ್ಲಿ ಏನೇ ಸಣ್ಣದು ಸರಿ ಮಾಡಲು ಹೋದರೂ ಪಂಚಾಯಿತಿ ಹೇಗೆ ನಡೆಯುತ್ತದೆ ಅಂತ ಕಲಿಯಲೇಬೇಕಾಗುತ್ತದೆ.

ಹೀಗಂದುಕೊಳ್ಳಿ. ಆರನೇ ಏಳನೇ ತರಗತಿಯ ಹುಡುಗಿಯರು ದಸರಾ ಆದ ಮೇಲೆ ಸಂಜೆ ಬರುವುದನ್ನು ನಿಲ್ಲಿಸಿದರು. ಮೊದಲು ಬರುವ ಯೋಚನೆ ಏನು? ಅವರಿಗೆ ಓದಿನಲ್ಲಿ ಆಸಕ್ತಿ ಹೋಗಿದೆ, ಏನಾದರೂ ಸ್ಪರ್ಧೆ ಇಡೋಣ. ಹಾಗೆ ಮಾಡಬೇಡಿ. ಅವರ ಮನೆಗೆ ಹೋಗಿ ಅಮ್ಮಂದಿರನ್ನು ಕೇಳಿ. ದಿನ ಚಿಕ್ಕದಾಗಿದೆ, ಆರೂವರೆಗೆಲ್ಲ ಕತ್ತಲು, ಕೇರಿಯಿಂದ ಗ್ರಂಥಾಲಯಕ್ಕೆ ಬರುವ ದಾರಿಯಲ್ಲಿ ದೀಪ ಇಲ್ಲ ಅಂತ ಗೊತ್ತಾಗುತ್ತದೆ. ಈಗ ಆ ದೀಪ ಯಾರದ್ದು? ಕಂಬ, ತಂತಿ ವಿದ್ಯುತ್ ಕಂಪನಿ ಹೆಸ್ಕಾಂನದ್ದು. ಬಲ್ಬು ಹಾಕುವುದು, ಬೀದಿ ದೀಪದ ಬಿಲ್ ಕಟ್ಟುವುದು ಗ್ರಾಮ ಪಂಚಾಯಿತಿಯ ಜವಾಬ್ದಾರಿ. ಕಂಬ ಇದ್ದು ಬಲ್ಬು ಮಾತ್ರ ಹೋಗಿದ್ದರೆ ಇದು ಒಂದು ದಿನದ ಕೆಲಸ. ವಾಟರ್‌ಮನ್‌ಗೋ ಸದಸ್ಯರಿಗೋ ಹೇಳಿದರೆ ಮುಗಿಯಿತು, ಅದಕ್ಕೆ ಚಳವಳಿ ಬೇಡ.

ಕಂಬವೇ ಇಲ್ಲ ಅನ್ನಿ. ಆಗ ದುಡ್ಡು ಬೇಕು. ದುಡ್ಡು ಬೇಕಾದರೆ ಅದು ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಇರಬೇಕು. ಕ್ರಿಯಾ ಯೋಜನೆಗೆ ಬರಬೇಕಾದರೆ ವಾರ್ಡ್ ಸಭೆಯಲ್ಲಿ ಬೇಡಿಕೆ ಬರಬೇಕು, ಗ್ರಾಮಸಭೆಯಲ್ಲಿ ಅದು ನಿಲ್ಲಬೇಕು, ಆಮೇಲೆ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು. ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ಕ್ಕೆ ಶುರುವಾಗುತ್ತದೆ. ನೀವು ಮಾರ್ಚ್‌ನಲ್ಲಿ ಹೋಗಿ ಕೇಳಿದರೆ "ಈ ಸಲದ್ದು ಮುಗೀತು" ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಇನ್ನು ದುಡ್ಡಿನಲ್ಲೂ ಬಣ್ಣ ಇದೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ಅದರಲ್ಲಿ ಶೇಕಡಾ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಹಾಕಿದ್ದು. ಉಳಿದ 40 ಭಾಗದಲ್ಲಿ ಮಾತ್ರ ಪಂಚಾಯಿತಿಗೆ ಕೈಯಾಡಿಸಲು ಜಾಗ. "ದುಡ್ಡಿಲ್ಲ" ಅಂತ ಪಿಡಿಒ ಹೇಳಿದಾಗ, ಯಾವ ದುಡ್ಡಿಲ್ಲ ಅಂತ ಕೇಳುವಷ್ಟು ನಿಮಗೆ ಗೊತ್ತಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಯೋಜನೆಯಲ್ಲಿ ಏನಿದೆ ಅಂತ ಇ-ಗ್ರಾಮಸ್ವರಾಜ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಖರ್ಚಾಗಿದ್ದನ್ನು ಊರ ಮುಂದೆ ತೆರೆದಿಡುವ ಜಮಾಬಂದಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ಕಾಟಾಚಾರಕ್ಕೆ ನಡೆದರೂ ಹೋಗಿ ಕೂತುಕೊಳ್ಳಿ. ಹಿಂದಿನ ವರ್ಷದ ಕಡತ ಮೇಜಿನ ಮೇಲೆ ಬರುವ ದಿನ ಅದು.

ಇಲ್ಲಿ ಎರಡು ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಒಂದು, ವಾರ್ಡ್ ಸಭೆಯಲ್ಲಿ ಎದ್ದು ಮಾತಾಡಬೇಕಾದವರು ನೀವಲ್ಲ. ಆ ಊರಿನ ಮತದಾರರ ಪಟ್ಟಿಯಲ್ಲಿ ಇರುವವರ ಸಭೆ ಅದು. ಹುಡುಗಿಯರ ಅಮ್ಮಂದಿರು ಮಾತಾಡಲಿ. ನಿಮ್ಮ ಕೆಲಸ ಅವರಿಗೆ ಸಭೆಯ ದಿನ ಮುಂಚೆ ತಿಳಿಸುವುದು, ಅರ್ಜಿ ಬರೆದುಕೊಡುವುದು, ಅರ್ಜಿಗೆ ಸೀಲು, ತಾರೀಖು ಇರುವ ಸ್ವೀಕೃತಿ ತೆಗೆದುಕೊಳ್ಳುವಂತೆ ನೆನಪಿಸುವುದು, ಅವರು ಹೇಳಿದ್ದು ನಡಾವಳಿಯಲ್ಲಿ ಬರೆದಿದ್ದಾರಾ ಅಂತ ನೋಡುವುದು. ಮಕ್ಕಳಿಗೂ ಒಂದು ವೇದಿಕೆ ಇದೆ, ಮಕ್ಕಳ ಗ್ರಾಮಸಭೆ. ಕುಂದಾಪುರದ ಕಡೆ, ದುಡಿಯುವ ಮಕ್ಕಳಿಗಾಗಿ ಕೆಲಸ ಮಾಡುವ ಸಿಡಬ್ಲ್ಯುಸಿ ಸಂಸ್ಥೆ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿ ಅಂತ ಮಾಡಿ ತೋರಿಸಿತು, ಆಮೇಲೆ ರಾಜ್ಯ ಸರ್ಕಾರವೇ ಎಲ್ಲ ಗ್ರಾಮ ಪಂಚಾಯಿತಿಗಳೂ ಇದನ್ನು ನಡೆಸಬೇಕು ಅಂತ ಆದೇಶಿಸಿತು. ದೀಪದ ಮಾತನ್ನು ಆ ಹುಡುಗಿಯರೇ ಅಲ್ಲಿ ಎತ್ತಿದರೆ ಅದಕ್ಕೆ ಬೇರೆಯದೇ ತೂಕ.

ಎರಡು, ಮಾಹಿತಿ ಹಕ್ಕು. ವಿದ್ಯಾರ್ಥಿಗಳಿಗೆ ಇದರ ಮೇಲೆ ಬಹಳ ಪ್ರೀತಿ. 10 ರೂಪಾಯಿ ಶುಲ್ಕ, ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಬಳಸಲು ಕಲಿಯಿರಿ, ಆದರೆ ಅದರಿಂದಲೇ ಶುರು ಮಾಡಬೇಡಿ. ಗ್ರಂಥಾಲಯದ ಮೇಲ್ವಿಚಾರಕರು ದಿನಾ ಅದೇ ಪಂಚಾಯಿತಿಯ ಕೈಕೆಳಗೆ ಕೆಲಸ ಮಾಡುವವರು. ನೀವು ಹಾಕಿದ ಅರ್ಜಿಯ ಸಿಟ್ಟನ್ನು ಅವರ ಮೇಲೆ ತೀರಿಸಿಕೊಳ್ಳುವುದು ಸುಲಭ. ವರ್ಷ ಮುಗಿದ ಮೇಲೆ ನೀವು ಹೋಗುತ್ತೀರಿ, ಅವರು ಅಲ್ಲೇ ಇರಬೇಕು. ಆದ್ದರಿಂದ ಯಾವುದೇ ಅರ್ಜಿ, ದೂರು ಕೊಡುವ ಮುಂಚೆ ಸಂಸ್ಥೆಯವರನ್ನೂ ಮೇಲ್ವಿಚಾರಕರನ್ನೂ ಕೇಳಿ. ಕೇಳುವುದು ಹೆದರಿಕೆ ಅಲ್ಲ.

ಅಂದಹಾಗೆ, ನಿಮ್ಮ ಹೆಸರು ನಿಮ್ಮೂರಿನ ಮತದಾರರ ಪಟ್ಟಿಯಲ್ಲಿ ಇದೆಯಾ? ಪೌರತ್ವ, ಆಡಳಿತ ಅಂತ ಗಂಟೆಗಟ್ಟಲೆ ಮಾತಾಡುವ ಎಷ್ಟೋ ಫೆಲೋಗಳ ಹೆಸರು ಅಲ್ಲಿ ಇರುವುದಿಲ್ಲ. ಹೊಸದಾಗಿ ಸೇರಿಸಲು ನಮೂನೆ 6, ವಿಳಾಸ ಬದಲಾವಣೆ, ತಿದ್ದುಪಡಿಗೆ ನಮೂನೆ 8. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖು, ಹೀಗೆ ವರ್ಷಕ್ಕೆ ನಾಲ್ಕು ಅವಕಾಶ.

ಇನ್ನು ಅರ್ಜಿ. ಆಯ್ಕೆಗೆ ಕೂತವರ ಮುಂದೆ ಬರುವ ಹೆಚ್ಚಿನ ಅರ್ಜಿಗಳು ಹೀಗೆ ಶುರುವಾಗುತ್ತವೆ: "ಚಿಕ್ಕಂದಿನಿಂದಲೂ ಸಮಾಜ ಸೇವೆ ಮಾಡಬೇಕೆಂಬುದು ನನ್ನ ಕನಸು. ಯುವಜನರೇ ದೇಶದ ಭವಿಷ್ಯ." ಈಗಂತೂ ಮೊಬೈಲ್‌ಗೆ ಹೇಳಿ ಬರೆಸಿದವೇ ಜಾಸ್ತಿ. ಭಾಷೆ ನುಣುಪಾಗಿರುತ್ತದೆ, ಆದರೆ ಹೆಸರು ಮುಚ್ಚಿದರೆ ಯಾರದ್ದು ಯಾವುದು ಗೊತ್ತಾಗುವುದಿಲ್ಲ. ನೀವು ಒಂದೇ ಒಂದು ಸಂಗತಿ ಬರೆಯಿರಿ, ನೀವು ಕಣ್ಣಾರೆ ನೋಡಿದ್ದು. ಉದಾಹರಣೆಗೆ: "ನಮ್ಮೂರಿನ ಗ್ರಂಥಾಲಯ ಬೆಳಿಗ್ಗೆ ತೆರೆದಿರುತ್ತದೆ. ಆಗ ನಾವೆಲ್ಲ ಶಾಲೆಯಲ್ಲಿರುತ್ತಿದ್ದೆವು. ಶನಿವಾರ ಮಧ್ಯಾಹ್ನ ಹೋದರೆ ಬೀಗ. ಏಳನೇ ತರಗತಿಯವರೆಗೆ ನಾನು ಅಲ್ಲಿಂದ ಒಂದು ಪುಸ್ತಕವನ್ನೂ ತಂದಿರಲಿಲ್ಲ. ಯಾಕೆ ಹೀಗೆ ಅಂತ ಆಗ ಯಾರನ್ನೂ ಕೇಳಲಿಲ್ಲ. ಈಗ ಕೇಳಬೇಕು ಅನ್ನಿಸಿದೆ." ಇಷ್ಟು ಸಾಕು. ಇದನ್ನೇ ನಕಲು ಮಾಡಬೇಡಿ, ನಿಮ್ಮೂರಿನದ್ದು ಬರೆಯಿರಿ.

ಆಮೇಲೆ ನಿಮ್ಮಿಂದ ಏನಾಗುತ್ತದೆ, ಏನಾಗುವುದಿಲ್ಲ ಎರಡೂ ಬರೆಯಿರಿ. ಮಂಗಳವಾರ, ಶುಕ್ರವಾರ ಸಂಜೆ ಮತ್ತು ಭಾನುವಾರ ಬರಬಲ್ಲೆ. ಗಾಡಿ ಇಲ್ಲ, ಬಸ್ಸಿನಲ್ಲೇ ಓಡಾಡುತ್ತೇನೆ. ಕನ್ನಡದಲ್ಲಿ ವರದಿ ಚೆನ್ನಾಗಿ ಬರೆಯುತ್ತೇನೆ, ಎಕ್ಸೆಲ್ ಬರುವುದಿಲ್ಲ, ಕಲಿಯುತ್ತೇನೆ. ಇಂಗ್ಲಿಷ್ ಅಷ್ಟಕ್ಕಷ್ಟೇ ಅಂತ ಸಂಕೋಚ ಬೇಡ. ಹಳ್ಳಿಯ ಕೆಲಸಕ್ಕೆ ನಿಮ್ಮ ಭಾಗದ ಕನ್ನಡವೇ ಆಸ್ತಿ. ವರ್ಷದ ಕೊನೆಗೆ ನೂರು ಮಕ್ಕಳ ಬದುಕು ಬದಲಿಸುತ್ತೇನೆ ಅಂತ ಮಾತ್ರ ಬರೆಯಬೇಡಿ. ಓದುವವರು ಅಲ್ಲೇ ಪೆನ್ನು ಕೆಳಗಿಡುತ್ತಾರೆ.

ಸೇರಿದ ದಿನವೇ ಒಂದು ಪತ್ರ ಕೇಳಿ ಪಡೆಯಿರಿ. ಯಾವ ದಿನ ಎಷ್ಟು ಹೊತ್ತು, ಯಾರ ಕೈಕೆಳಗೆ, ಗೌರವಧನ ತಿಂಗಳ ಯಾವ ತಾರೀಖಿಗೆ, ಓಡಾಟದ ಖರ್ಚು ಯಾರದ್ದು, ಪರೀಕ್ಷೆಯ ಹೊತ್ತಲ್ಲಿ ಎಷ್ಟು ವಾರ ಬಿಡುವು, ಇಷ್ಟು ಅದರಲ್ಲಿ ಇರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ ಆದ್ದರಿಂದ ನಿಮ್ಮ ಓಡಾಟದ ಖರ್ಚು ಕಮ್ಮಿ. ಆದರೆ ಮುಖ್ಯರಸ್ತೆಯಿಂದ ಒಳಗೆ ಟಂಟಂ ಆಟೊದಲ್ಲಿ ಹೋಗಬೇಕಾದರೆ ಆ ದುಡ್ಡು ನಿಮ್ಮ ಜೇಬಿನಿಂದಲೇ ಹೋಗುತ್ತದೆ, ಅದನ್ನೂ ಕೇಳಿ.

ಕೆಲಸದ ಜಾಗದಲ್ಲಿ ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ, "ನಾನು ನೌಕರಳಲ್ಲ, ಸುಮ್ನೆ ಸ್ವಯಂಸೇವಕಿ" ಅಂದುಕೊಂಡು ಸಹಿಸಬೇಡಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳವಿಲ್ಲದೆ ಕೆಲಸ ಮಾಡುವವರಿಗೂ, ತರಬೇತಿಯಲ್ಲಿ ಇರುವವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಚಿಕ್ಕ ಸಂಸ್ಥೆಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಮೊದಲ ವಾರವೇ ಕೇಳಿಟ್ಟುಕೊಳ್ಳಿ, ಕೇಳುವುದರಲ್ಲಿ ತಪ್ಪೇನಿಲ್ಲ.

ನೀವು ಮಾಡಬಾರದ್ದೂ ಇದೆ. ಯಾರದ್ದೇ ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಫೋಟೋ ನಿಮ್ಮ ಮೊಬೈಲ್‌ನಲ್ಲಿ ಇಟ್ಟುಕೊಳ್ಳಬೇಡಿ. ಸಂಸ್ಥೆಯವರೇ "ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ" ಅಂದರೂ ಯಾಕೆ ಅಂತ ಕೇಳಿ. ಮಕ್ಕಳ ಮುಖ ಕಾಣುವ ಫೋಟೋ ಸ್ಟೇಟಸ್‌ಗೆ ಬೇಡ. ಚುನಾವಣೆ ಬಂದರೆ ನೀತಿ ಸಂಹಿತೆಯ ಕಾರಣಕ್ಕೆ ಹೊಸ ಕೆಲಸಗಳು ತಿಂಗಳುಗಟ್ಟಲೆ ನಿಲ್ಲಬಹುದು. ಆ ಹೊತ್ತಲ್ಲಿ ಯಾವ ಪಕ್ಷದವರ ಜೊತೆಗೂ ಓಣಿ ಸುತ್ತಬೇಡಿ. ನಿಮ್ಮ ರಾಜಕೀಯ ನಿಮ್ಮದು, ಆದರೆ ನಿಮ್ಮನ್ನು ಊರಲ್ಲಿ ಗುರುತಿಸುವುದು ಸಂಸ್ಥೆಯ ಹೆಸರಿನಿಂದ.

ಅಪ್ಪನ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ವಾರಕ್ಕೆ 10 ಗಂಟೆ ಎಲ್ಲಿಂದಲೋ ಕಳೆಯಲೇಬೇಕು. ಫೆಲೋಶಿಪ್ ಪ್ರಮಾಣಪತ್ರಕ್ಕೆ ಪಿಡಿಒ ಪರೀಕ್ಷೆಯಲ್ಲಿ ಒಂದು ಅಂಕವೂ ಸಿಗುವುದಿಲ್ಲ. ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಉಳಿದರ್ಧ ನೋಡಿ. ಪಿಡಿಒ ಆಗಬೇಕು ಅನ್ನುವ ಹುಡುಗಿ ಪಂಚಾಯಿತಿ ಕಚೇರಿಯೊಳಗೆ ಕಾಲಿಡದೆ ಓದಿದರೆ, ವಾರ್ಡ್ ಸಭೆ, ಜಮಾಬಂದಿ, 1993ರ ಪಂಚಾಯತ್ ರಾಜ್ ಕಾಯ್ದೆ ಎಲ್ಲವನ್ನೂ ಬಾಯಿಪಾಠ ಮಾಡಬೇಕು. ಒಂದು ವರ್ಷ ಅಲ್ಲಿ ಓಡಾಡಿದವಳಿಗೆ ಅವು ಮುಖಗಳ ಜೊತೆ ನೆನಪಿರುತ್ತವೆ. ಅದಕ್ಕಿಂತ ದೊಡ್ಡದು, ಆ ಕೆಲಸ ನಿಮಗೆ ನಿಜಕ್ಕೂ ಇಷ್ಟವಾ ಅಂತ ಪರೀಕ್ಷೆಗೆ ಕಟ್ಟುವ ಮುಂಚೆಯೇ ಗೊತ್ತಾಗುತ್ತದೆ. ಪಿಡಿಒ ಒಬ್ಬರ ಒಂದು ದಿನವನ್ನು ಪಕ್ಕದಲ್ಲಿ ಕೂತು ನೋಡಿದರೆ ಕೆಲವರಿಗೆ ಆಸೆ ಹೆಚ್ಚುತ್ತದೆ, ಕೆಲವರು ಮೆಲ್ಲಗೆ ಬಿ.ಎಡ್. ಕಡೆ ತಿರುಗುತ್ತಾರೆ. ಎರಡೂ ಲಾಭವೇ. ಮಾತಿನಲ್ಲಿ ಒಪ್ಪಿಸಲು ಹೋಗುವ ಬದಲು ಅಪ್ಪನನ್ನು ಒಮ್ಮೆ ಆ ಸಂಸ್ಥೆಯ ಕಚೇರಿಗೆ ಕರೆದುಕೊಂಡು ಹೋಗಿ, ನಿಮಗೆ ಕೆಲಸ ಹೇಳುವವರ ಜೊತೆ ಕೂರಿಸಿ. ಮಗಳು ಯಾರ ಜೊತೆ, ಎಲ್ಲಿ, ಎಷ್ಟು ಹೊತ್ತು ಇರುತ್ತಾಳೆ ಅನ್ನುವುದೇ ಹೆಚ್ಚಿನ ಅಪ್ಪಂದಿರ ಚಿಂತೆ. ಊರ ಉಸಾಬರಿ ಅನ್ನುವುದು ನೆಪ.

ಹಾಜರಾತಿ ಶೇಕಡಾ 75ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ಕಾಲೇಜಿಗೇ ಸುತ್ತೋಲೆ ಬಂದಿದೆ ಅಂದರೆ ಹಾಜರಾತಿಯಲ್ಲಿ ರಿಯಾಯಿತಿ ಇದೆ ಅಂತ ಅರ್ಥವಲ್ಲ. ಪ್ರಾಂಶುಪಾಲರನ್ನು ಕೇಳಿ, ಇದ್ದರೆ ಬರಹದಲ್ಲಿ ಪಡೆಯಿರಿ. ಇನ್ನೊಂದು ಮಾತು. ಎರಡು ತಿಂಗಳು ಕಳೆದರೂ ನಿಮಗೆ ಯಾರೂ ಕೆಲಸ ಹೇಳುತ್ತಿಲ್ಲ, ಹೋದಾಗಲೆಲ್ಲ ಬ್ಯಾನರ್ ಹಿಡಿಸಿ ಫೋಟೋ ತೆಗೆಸುತ್ತಾರೆ, ಅಥವಾ ಕೆಲಸ ಹೇಳುತ್ತಿದ್ದವರೇ ಸಂಸ್ಥೆ ಬಿಟ್ಟು ಹೋದರು ಅಂತಾದರೆ ಫೆಲೋಶಿಪ್ ನಡೆಸುವವರಿಗೆ ಪತ್ರ ಬರೆದು ಬೇರೆ ಸಂಸ್ಥೆ ಕೇಳಿ. ಮಧ್ಯದಲ್ಲಿ ಬದಲಿಸಲು ಅವಕಾಶ ಇದೆಯಾ ಅನ್ನುವುದನ್ನು ಅರ್ಜಿ ಹಾಕುವ ಮುಂಚೆಯೇ ಕೇಳಿಕೊಂಡಿರಿ.